ಇಳಿಯುವಾಗಲೇ ಗೊತ್ತಾಗುವುದು

ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತಿ, ಅದರಲ್ಲೇ ಜಾರಿ ಇಳಿಯಲು ಗುಲ್ಮಾರ್ಗ್‌ಗೋ ಆಲ್ಪ್ಸ್‌ಗೋ ಹೊರಟಿದ್ದೀರಾ? ಸಂತೋಷ. ಆದರೆ ಅದಕ್ಕೆ ಬೇಕಾದ ಟೂರಿಂಗ್ ಬೂಟನ್ನು ಕೈಯಲ್ಲಿ ಎತ್ತಿ ನೋಡಿ, 'ಎಷ್ಟು ಹಗುರ!' ಎಂದು ಅಲ್ಲೇ ದುಡ್ಡು ಕೊಟ್ಟುಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಬೆಚ್ಚಗಿನ ಅಂಗಡಿಯಲ್ಲಿ ಮೆತ್ತಗೆ ಬಾಗುವ ಬೂಟಿನ ಪ್ಲಾಸ್ಟಿಕ್ ಚಳಿಯಲ್ಲಿ ಬಿರುಸಾಗುತ್ತದೆ. ಅಳತೆ ನೋಡಲು ಒಳಮೆತ್ತೆ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿ. ಕಾಲ್ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೆರಡು ಬೆರಳಷ್ಟೇ ಜಾಗವಿರಲಿ. ಸಡಿಲ ಬೂಟು ಹತ್ತುವಾಗ ಹಿತವೆನಿಸಬಹುದು. ಇಳಿಯುವಾಗ ಹಿಮ್ಮಡಿ ಮೇಲೇಳುತ್ತದೆ, ಸ್ಕೀ ನಿಮ್ಮ ಮಾತು ಕೇಳುವುದಿಲ್ಲ.

ಸಾಧ್ಯವಾದರೆ ಮೊದಲು ಬಾಡಿಗೆಗೆ ಪಡೆದು ಹಿಮದ ಮೇಲೇ ನೋಡಿ. ಹದಗೊಳಿಸಿದ ನುಣುಪು ಇಳಿಜಾರಿನಲ್ಲಿ ಎಲ್ಲ ಬೂಟೂ ಒಳ್ಳೆಯದೇ. ಗಟ್ಟಿಯಾದ, ಉಬ್ಬುತಗ್ಗಿನ ಹಿಮದಲ್ಲಿ, ಕಾಲು ದಣಿದ ಮೇಲೆ ಪರೀಕ್ಷಿಸಿ. ಬೂಟಿನ ನಡಿಗೆಯ ಲಿವರ್ ಇಳಿಯುವ ಸ್ಥಿತಿಗೆ ಬಂದಿದೆಯೇ ಎಂದೂ ನೋಡಿಕೊಳ್ಳಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಿನ್ ಬೈಂಡಿಂಗ್ ಬೂಟಿನ ಮೂತಿಯನ್ನು ಹಿಡಿಯುವುದು ಎರಡು ಪುಟ್ಟ ಪಿನ್ನುಗಳಿಂದ. ಅವು ಕೂರುವ ಗುಳಿಯಲ್ಲಿ ಮಂಜುಗಡ್ಡೆ ಸೇರಿದರೆ ಹಿಡಿತ ಅರೆಬರೆ, ಕೆರೆದು ತೆಗೆಯಿರಿ. ಹತ್ತುವಾಗ ಹಾಕಿದ ಮುಂದಿನ ಲಾಕನ್ನು ಇಳಿಯುವ ಮುನ್ನ ಬಿಡಿಸಿ. ಮರೆತರೆ, ಬಿದ್ದಾಗ ಸ್ಕೀ ಕಳಚದೆ ಕಾಲು ತಿರುಚೀತು. ಕಳಚುವ ಬಿಗಿಯ ಅಂಕಿಯನ್ನು ಗೆಳೆಯನದು ನೋಡಿ ಇಟ್ಟುಕೊಳ್ಳಬೇಡಿ. ಅದು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ, ಬೂಟಿನ ಅಟ್ಟೆಯ ಉದ್ದ ನೋಡಿ ಹಾಕುವ ಲೆಕ್ಕ. ಬಲ್ಲವರ ಕೈಯಲ್ಲಿ ಅಳೆಸಿ ಇಡಿಸಿಕೊಂಡೇ ಬೆಟ್ಟಕ್ಕೆ ಹೋಗಿ.