ಸಂಧಾನದ ಸೋಲು: ಹಸ್ತಿನಾಪುರದ ಸಭೆ ಮತ್ತು ಪಾಣಿಪತ್ತಿನ ಪಾಳೆಯ

1

ಪುಣೆಯ ಸದಾಶಿವ ಪೇಠವು ಸದಾಶಿವರಾವ್ ಭಾವೂನ ಹೆಸರನ್ನು ಹೊತ್ತಿರುವ ಬಡಾವಣೆ. ಚಿಮಾಜಿ ಅಪ್ಪನ ಮಗನೂ ಪೇಶ್ವೆ ನಾನಾಸಾಹೇಬನ ದಾಯಾದಿ ಸಹೋದರನೂ ಆದ ಈ ಭಾವೂ 1761ರ ಜನವರಿ 14ರಂದು ಪಾಣಿಪತ್ತಿನ ರಣರಂಗದಲ್ಲಿ ಮಡಿದನು. ಇದೇ ಪೇಠದಲ್ಲಿ 1910ರಲ್ಲಿ ಸ್ಥಾಪನೆಗೊಂಡ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ಅದರ ಸ್ಥಾಪಕರಲ್ಲಿ ಪ್ರಮುಖರಾದ ವಿ. ಕಾ. ರಾಜವಾಡೆಯವರು 1898ರಲ್ಲಿ ಪ್ರಕಟಿಸಿದ ಮರಾಠಾ ಇತಿಹಾಸ ಸಾಧನಗಳ ಮೊದಲ ಸಂಪುಟವು ಪಾಣಿಪತ್ ಕಾಲದ ಪತ್ರಗಳನ್ನೇ ಬೆಳಕಿಗೆ ತಂದಿತು. ಮರಾಠಿಯಲ್ಲಿ ‘ಪಾನಿಪತ್ ಆಯಿತು’ ಎಂದರೆ ಸರ್ವನಾಶವಾಯಿತು ಎಂದೇ ಅರ್ಥ. ಆದರೆ ಆ ಸರ್ವನಾಶಕ್ಕೆ ಮುನ್ನ ಎರಡೂವರೆ ತಿಂಗಳ ಕಾಲ ಎರಡು ಪಾಳೆಯಗಳ ನಡುವೆ ಸಂಧಿಯ ಮಾತು ನಡೆದಿತ್ತೆಂಬುದು ಸಾಮಾನ್ಯರ ನೆನಪಿನಲ್ಲಿ ಉಳಿದಿಲ್ಲ.

ಕನ್ನಡದ ಓದುಗನಿಗೆ ಸಂಧಾನವೆಂದೊಡನೆ ನೆನಪಾಗುವುದು ಉದ್ಯೋಗಪರ್ವ. ಪಂಪ, ಕುಮಾರವ್ಯಾಸರಿಂದ ಹಿಡಿದು ತಾಳಮದ್ದಳೆಯ ‘ಕೃಷ್ಣಸಂಧಾನ’ದವರೆಗೆ ಹರಿದುಬಂದ ಪ್ರಸಂಗ. ಒಂದು ಕಾವ್ಯ, ಇನ್ನೊಂದು ಚರಿತ್ರೆ. ಇವೆರಡನ್ನೂ ಎದುರುಬದುರಾಗಿಟ್ಟು ಸಂಧಾನವೇಕೆ ಸೋಲುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪದವನ್ನು ಗಮನಿಸಬಹುದು. ಕನ್ನಡದ ವಿದ್ಯಾರ್ಥಿಯು ‘ಸಂಧಿ’ಯನ್ನು ಮೂರು ಎಡೆಗಳಲ್ಲಿ ಕಾಣುತ್ತಾನೆ. ವ್ಯಾಕರಣದಲ್ಲಿ ಅದು ಎರಡು ವರ್ಣಗಳ ಕೂಡಿಕೆ; ಕುಮಾರವ್ಯಾಸನಂಥವರ ಕಾವ್ಯದಲ್ಲಿ ಅಧ್ಯಾಯದ ಹೆಸರು; ರಾಜನೀತಿಯಲ್ಲಿ ಷಾಡ್ಗುಣ್ಯದ ಮೊದಲ ಗುಣ. ಕೇಶಿರಾಜನ ದಾರಿಯಲ್ಲಿ ನಡೆದ ನಮ್ಮ ವ್ಯಾಕರಣ ಪರಂಪರೆಯು ಸಂಧಿಕಾರ್ಯವನ್ನು ಲೋಪ, ಆಗಮ, ಆದೇಶಗಳಲ್ಲಿ ವಿವರಿಸುತ್ತದೆ. ಒಂದು ವರ್ಣ ಬಿಟ್ಟುಹೋಗುತ್ತದೆ, ಇಲ್ಲವೆ ಹೊಸದೊಂದು ನಡುವೆ ಬರುತ್ತದೆ, ಇಲ್ಲವೆ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುತ್ತದೆ. ಯಾವುದೂ ಬದಲಾಗದೆ ಎರಡೂ ತಮ್ಮ ತಮ್ಮ ರೂಪದಲ್ಲೇ ನಿಂತರೆ ಅದು ಪ್ರಕೃತಿಭಾವ. ಅಲ್ಲಿ ಸಾಮೀಪ್ಯವುಂಟು, ಸಂಧಿಯಿಲ್ಲ. ರಾಜನೀತಿಯ ಸಂಧಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವು ದೂತರಲ್ಲಿ ಮೂರು ಬಗೆಯನ್ನು ಹೇಳುತ್ತದೆ. ತನ್ನ ವಿವೇಚನೆಯಿಂದಲೇ ಕಾರ್ಯವನ್ನು ತೀರ್ಮಾನಿಸಬಲ್ಲವನು ನಿಸೃಷ್ಟಾರ್ಥ. ಸೀಮಿತ ಅಧಿಕಾರವುಳ್ಳವನು ಪರಿಮಿತಾರ್ಥ. ಓಲೆಯನ್ನು ಒಯ್ದು ಒಪ್ಪಿಸುವವನು ಶಾಸನಹರ. ದೂತನು ಯಾವ ಬಗೆಯವನೆಂಬುದರ ಮೇಲೆ ಸಂಧಾನದ ಗತಿ ನಿಂತಿರುತ್ತದೆ. ಈ ವಿಭಾಗಕ್ರಮವು ಮುಂದಿನ ವಿವೇಚನೆಗೆ ನೆರವಾಗುತ್ತದೆ.

3

ವ್ಯಾಸಭಾರತದಲ್ಲಿ ಕೃಷ್ಣನಿಗಿಂತ ಮೊದಲು ಸಂಜಯನು ಧೃತರಾಷ್ಟ್ರನ ಮಾತನ್ನು ಹೊತ್ತು ಪಾಂಡವರಲ್ಲಿಗೆ ಹೋಗುತ್ತಾನೆ. ಆತ ತಂದದ್ದು ಶಾಂತಿಯ ಹಾರೈಕೆ ಮಾತ್ರ. ಕೊಡುವ ವಸ್ತು ಯಾವುದೂ ಇಲ್ಲ. ಅನಂತರ ಹೊರಟ ಕೃಷ್ಣನು ನಿಸೃಷ್ಟಾರ್ಥನಾದ ದೂತ. ಬೇಡಿಕೆಯು ಅರ್ಧ ರಾಜ್ಯದಿಂದ ಐದು ಗ್ರಾಮಗಳಿಗೆ ಇಳಿದರೂ ದುರ್ಯೋಧನನು ಒಪ್ಪುವುದಿಲ್ಲ. ಕೃಷ್ಣನಿಗೂ ಫಲದಲ್ಲಿ ಹೆಚ್ಚಿನ ನಂಬಿಕೆಯಿಲ್ಲ. ಯತ್ನ ಮಾಡಲಿಲ್ಲವೆಂಬ ಅಪವಾದ ಲೋಕದಲ್ಲಿ ಉಳಿಯಬಾರದೆಂಬುದು ಅವನ ಪ್ರಯಾಣದ ಒಂದು ಪ್ರಯೋಜನ.

ಕುಮಾರವ್ಯಾಸನು ಈ ಭಾಗವನ್ನು ನಾಟಕದಂತೆ ಕಟ್ಟಿದ್ದಾನೆ. ಕೌರವನ ಸತ್ಕಾರವನ್ನು ಬಿಟ್ಟು ಕೃಷ್ಣನು ವಿದುರನ ಮನೆಗೆ ಹೋಗುವುದು, ಸಭೆಯಲ್ಲಿ ಎದ್ದು ನಿಲ್ಲದ ಕೌರವನನ್ನು ಕಾಲ ಉಂಗುಟದಿಂದ ನೆಲವನ್ನೊತ್ತಿ ಸಿಂಹಾಸನದಿಂದ ಉರುಳಿಸುವುದು, ಅವಮಾನಿತನಾದ ವಿದುರನು ತನ್ನ ಬಿಲ್ಲನ್ನು ಮುರಿಯುವುದು, ಕೊನೆಗೆ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವುದು, ಇವೆಲ್ಲ ಒಂದರ ಬೆನ್ನಿಗೊಂದು ಬರುತ್ತವೆ. ಸಂಧಿಗೆ ಬಂದವನು ಮರಳುವಾಗ ಎದುರಾಳಿಯ ಪಾಳೆಯದಲ್ಲಿ ವಿದುರನ ಬಿಲ್ಲು ಮುರಿದಿದೆ, ಕರ್ಣನ ಮನಸ್ಸು ಮುರಿದಿದೆ. ಸಾಮದ ಹೆಸರಿನಲ್ಲಿ ಭೇದೋಪಾಯವೇ ಸಿದ್ಧಿಸಿತೆಂದು ಹೇಳಿದರೆ ತಪ್ಪಾಗಲಾರದು. ಕೌರವನನ್ನು ಕೇವಲ ಮೂರ್ಖನೆಂದು ಓದುವವರು ಈ ಅಂಶವನ್ನು ಕಡೆಗಣಿಸುತ್ತಾರೆ. ಬಂದ ದೂತನು ತಟಸ್ಥನಲ್ಲ, ಎದುರು ಪಕ್ಷದ ಬಂಧು ಮತ್ತು ಮಂತ್ರಿ. ಅವನ ಮಾತಿನಲ್ಲಿ ಕೌರವನಿಗೆ ಸಂದೇಹ ಹುಟ್ಟಿದ್ದು ಅಸಹಜವಲ್ಲ. ಆ ಸಂದೇಹವನ್ನು ಕಿತ್ತುಹಾಕುವ ಸಾಧನ ಸಭೆಯಲ್ಲಿ ಯಾರ ಬಳಿಯೂ ಇರಲಿಲ್ಲ ಎಂಬುದು ಪ್ರಸಂಗದ ನಿಜವಾದ ಬಿಕ್ಕಟ್ಟು.

4

ಇನ್ನು ಚರಿತ್ರೆಗೆ ಬರೋಣ. 1760ರ ಫೆಬ್ರುವರಿಯಲ್ಲಿ ಉದಗೀರದಲ್ಲಿ ನಿಜಾಮನನ್ನು ಮಣಿಸಿದ ಭಾವೂ ಆಗ ಮೂವತ್ತು ತುಂಬದ ತರುಣ. ಆ ಗೆಲುವಿನ ಫಲವಾಗಿಯೇ ಬಿಜಾಪುರವು ಪೇಶ್ವೆಯರ ಕೈಸೇರಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಜನವರಿಯಲ್ಲಿ, ದೆಹಲಿಯ ಬಳಿ ಯಮುನೆಯ ದಂಡೆಯಲ್ಲಿ ದತ್ತಾಜಿ ಶಿಂದೆ ಹತನಾಗಿದ್ದನು. ಉತ್ತರಕ್ಕೆ ಸಾಗಿದ ಭಾವೂ ಆಗಸ್ಟಿನಲ್ಲಿ ದೆಹಲಿಯನ್ನೂ ಅಕ್ಟೋಬರಿನಲ್ಲಿ ಕುಂಜಪುರವನ್ನೂ ಹಿಡಿದನು. ಅಷ್ಟರಲ್ಲಿ ಅಹಮದ್ ಶಹಾ ಅಬ್ದಾಲಿಯು ಯಮುನೆಯನ್ನು ದಾಟಿ ದಕ್ಷಿಣದ ದಾರಿಯನ್ನು ಕಟ್ಟಿಬಿಟ್ಟನು. ನವೆಂಬರಿನ ಮೊದಲಿನಿಂದ ಎರಡು ಸೈನ್ಯಗಳು ಪಾಣಿಪತ್ತಿನಲ್ಲಿ ಒಂದನ್ನೊಂದು ನೋಡುತ್ತ ಕುಳಿತವು. ವ್ಯಾಕರಣದ ಭಾಷೆಯಲ್ಲಿ ಇದು ಪ್ರಕೃತಿಭಾವ.

ಈ ಅವಧಿಯ ಮಾತುಕತೆಯ ವಿವರ ನಮಗೆ ಮುಖ್ಯವಾಗಿ ದೊರೆಯುವುದು ಕಾಶಿರಾಜನ ಬರಹದಿಂದ. ಈತ ಅಯೋಧ್ಯೆಯ ನವಾಬ ಶುಜಾ ಉದ್ ದೌಲಾನ ಸೇವೆಯಲ್ಲಿದ್ದ ದಕ್ಷಿಣದೇಶದ ಬ್ರಾಹ್ಮಣ. ಘಟನೆಗಳನ್ನು ಕಂಡವನು, ಪತ್ರಗಳನ್ನು ಓದಿ ಹೇಳಿದವನು. ಆತನ ಫಾರಸಿ ವೃತ್ತಾಂತವು 1780ರ ಸುಮಾರಿನದು. ಹದಿನೆಂಟನೆಯ ಶತಮಾನ ಮುಗಿಯುವುದರೊಳಗೆ ಜೇಮ್ಸ್ ಬ್ರೌನ್ ಅದನ್ನು ಇಂಗ್ಲಿಷಿಗೆ ತಂದನು. ಘಟನೆ ನಡೆದು ಸುಮಾರು ಇಪ್ಪತ್ತು ವರ್ಷಗಳ ಬಳಿಕ, ಶುಜಾನ ಆಶ್ರಿತನಾಗಿದ್ದವನು ಬರೆದದ್ದೆಂಬ ಎಚ್ಚರವನ್ನಿಟ್ಟುಕೊಂಡೇ ಅದನ್ನು ಓದಬೇಕು.

ಶುಜಾನನ್ನು ಭಾವೂ ಮಧ್ಯಸ್ಥನನ್ನಾಗಿ ಆರಿಸಿದ್ದಕ್ಕೆ ಕಾರಣವಿದೆ. ಶುಜಾನ ತಂದೆ ಸಫ್ದರ್ ಜಂಗನು 1752ರಲ್ಲಿ ಮರಾಠರೊಡನೆ ಒಪ್ಪಂದ ಮಾಡಿಕೊಂಡಿದ್ದವನು. ಭಾವೂ ಮೊದಲು ಶುಜಾನನ್ನು ಅಬ್ದಾಲಿಯ ಪಕ್ಷದಿಂದ ಬೇರ್ಪಡಿಸಲು ದೂತನನ್ನು ಕಳುಹಿದನು. ಅದು ಸಾಗದಿದ್ದಾಗ ಅವನ ಮೂಲಕವೇ ಸಂಧಿಯನ್ನು ಬಯಸಿದನು. ಅಬ್ದಾಲಿಯ ವಜೀರ ಶಹಾ ವಲೀ ಖಾನನೂ ಸಂಧಿಗೆ ಒಲವು ತೋರಿದನೆಂದು ಕಾಶಿರಾಜ ಹೇಳುತ್ತಾನೆ. ವಿರೋಧಿಸಿದವನು ರೋಹಿಲ್ಲ ನಾಯಕ ನಜೀಬ್ ಉದ್ ದೌಲಾ. ಶಹಾನು ನಾಳೆ ತನ್ನ ದೇಶಕ್ಕೆ ಹಿಂದಿರುಗುತ್ತಾನೆ. ಮರಾಠರ ಬಲ ಮುರಿಯದಿದ್ದರೆ ಇಲ್ಲಿಯೇ ಉಳಿಯುವ ತನಗೆ ಉಳಿವಿಲ್ಲ, ಇಂದು ಮಾಡಿದ ಆಣೆ ಆಗ ತನ್ನನ್ನು ಕಾಯಲಾರದು ಎಂಬುದು ಅವನ ವಾದದ ಸಾರ. ಹಿಂದೂಸ್ತಾನದ ವ್ಯವಹಾರ ತನಗೆ ಹೊಸದು, ಅದನ್ನು ಇಲ್ಲಿಯವರೇ ತೀರ್ಮಾನಿಸಲಿ, ಯುದ್ಧವನ್ನು ಮಾತ್ರ ತನಗೆ ಬಿಡಬೇಕು ಎಂಬುದು ಶಹಾನ ನಿಲುವಾಗಿತ್ತು. ಇಲ್ಲಿಯವರೋ ತಮ್ಮೊಳಗೇ ಒಂದಾಗಿರಲಿಲ್ಲ.

ಇತ್ತ ಕಾಲವು ಮರಾಠರಿಗೆ ಪ್ರತಿಕೂಲವಾಗುತ್ತ ನಡೆಯಿತು. ಡಿಸೆಂಬರಿನಲ್ಲಿ ಬಲವಂತರಾವ್ ಮೇಹೆಂದಳೆ ಮಡಿದನು. ಶತ್ರುವಿನ ಧಾನ್ಯದ ದಾರಿಯನ್ನು ಕಡಿಯುತ್ತಿದ್ದ ಗೋವಿಂದಪಂತ ಬುಂದೇಲೆಯೂ ಹತನಾದನು. ಪಾಳೆಯದಲ್ಲಿ ಸೈನಿಕರಷ್ಟೇ ಅಲ್ಲ, ಹೆಂಗಸರು, ಯಾತ್ರಿಕರು, ವ್ಯಾಪಾರಿಗಳು, ಸೇವಕರು ಇದ್ದರು. ಹಸಿವು ಎಲ್ಲರನ್ನೂ ಮುಟ್ಟಿತು. ಯುದ್ಧದ ದಿನ ಬೆಳಗಾಗುವ ಮುನ್ನ ಕಾಶಿರಾಜನಿಗೆ ಭಾವೂನ ಕೊನೆಯ ಓಲೆ ಬಂದಿತು. ತಾಳ್ಮೆಯ ಪಾತ್ರೆ ತುಂಬಿಹೋಗಿದೆ, ಆಗುವುದಿದ್ದರೆ ಕೂಡಲೆ ಆಗಲಿ, ಇಲ್ಲವಾದರೆ ಸ್ಪಷ್ಟವಾಗಿ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಕಾಶಿರಾಜನು ಅದನ್ನು ನವಾಬನಿಗೆ ವಿವರಿಸುತ್ತಿರುವಾಗಲೇ ಮರಾಠರು ಯುದ್ಧಕ್ಕೆ ಹೊರಟರೆಂಬ ಸುದ್ದಿಯನ್ನು ಬೇಹುಗಾರರು ತಂದರು.

5

ಎರಡು ಪ್ರಸಂಗಗಳ ಹೋಲಿಕೆಯಿಂದ ಮೂರು ಸಂಗತಿಗಳು ಹೊರಬೀಳುತ್ತವೆ.

ಮೊದಲನೆಯದು ದೂತನ ಸ್ಥಾನ. ಕೃಷ್ಣನಿಗೆ ತೀರ್ಮಾನದ ಅಧಿಕಾರವಿತ್ತು, ತಾಟಸ್ಥ್ಯವಿರಲಿಲ್ಲ. ಕಾಶಿರಾಜನಿಗೆ ಎರಡೂ ಪಕ್ಷಗಳ ಭಾಷೆ ಗೊತ್ತಿತ್ತು, ಅಧಿಕಾರವಿರಲಿಲ್ಲ, ಅವನು ಶಾಸನಹರನಷ್ಟೆ. ಅಧಿಕಾರ ಮತ್ತು ವಿಶ್ವಾಸಗಳೆರಡೂ ಒಬ್ಬನಲ್ಲಿ ಕೂಡಿಬರಲಿಲ್ಲ.

ಎರಡನೆಯದು ಸಂಧಿಯಿಂದ ನಷ್ಟ ಹೊಂದುವ ಮೂರನೆಯವನು. ಹಸ್ತಿನಾಪುರದಲ್ಲಿ ಶಕುನಿ, ಕರ್ಣರು, ಪಾಣಿಪತ್ತಿನಲ್ಲಿ ನಜೀಬ. ಅವನನ್ನು ಖಳನೆಂದು ಕರೆದು ಮುಗಿಸುವುದು ಸುಲಭ. ಆದರೆ ಅವನ ಭಯಕ್ಕೆ ಉತ್ತರ ಕೊಡದ ಒಪ್ಪಂದ ನಿಲ್ಲುವುದಿಲ್ಲ. ಭಾವೂನ ಓಲೆಗಳು ಶುಜಾನನ್ನು ಉದ್ದೇಶಿಸಿದವು. ನಜೀಬನಿಗೆ ಯಾವ ಅಭಯ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅಲ್ಲದೆ ಮೊದಲು ಭೇದಕ್ಕೆ ಬಳಸಿದ ದಾರಿಯಲ್ಲೇ ಅನಂತರ ಸಂಧಿಯ ಮಾತು ಬಂದುದರಿಂದ ಅದು ಎದುರು ಪಾಳೆಯದಲ್ಲಿ ಸುಲಭವಾಗಿ ಸಂದೇಹಕ್ಕೆ ಗುರಿಯಾಗಬಲ್ಲುದಾಗಿತ್ತು.

ಮೂರನೆಯದು ಕಾಲ. ಇದನ್ನು ರನ್ನನಷ್ಟು ಆಳವಾಗಿ ಕಂಡ ಕನ್ನಡ ಕವಿ ಅಪರೂಪ. ಗದಾಯುದ್ಧದಲ್ಲಿ ಸಂಧಿಯ ಮಾತು ಬರುವುದು ಎಲ್ಲ ಮುಗಿಯುತ್ತ ಬಂದಾಗ. ತಾಯಿತಂದೆಗಳು ಹೇಳುತ್ತಾರೆ, ಶರಶಯ್ಯೆಯಲ್ಲಿರುವ ಭೀಷ್ಮನು ಹೇಳುತ್ತಾನೆ, ದುರ್ಯೋಧನನು ಒಪ್ಪುವುದಿಲ್ಲ. ಉದ್ಯೋಗಪರ್ವದಲ್ಲಿ ಅವನನ್ನು ತಡೆದದ್ದು ನೆಲದ ಆಸೆ; ಇಲ್ಲಿ ತಡೆಯುವವರು ಸತ್ತವರು. ಕರ್ಣ ದುಶ್ಶಾಸನರಿಲ್ಲದ ಮೇಲೆ ಸಂಧಿಯಿಂದ ದೊರೆಯುವ ರಾಜ್ಯ ಯಾರಿಗಾಗಿ? ಪಾಣಿಪತ್ತಿನಲ್ಲೂ ದತ್ತಾಜಿಯ ಸಾವು, ಕುಂಜಪುರದ ಸಾವುಗಳು, ಮೇಹೆಂದಳೆಯ ಸಾವು ಪ್ರತಿ ವಾರ ಒಪ್ಪಂದದ ಬೆಲೆಯನ್ನು ಏರಿಸುತ್ತ ಹೋದವು. ಜೊತೆಗೆ ಹಸಿದವನು ಕೇಳುವ ಸಂಧಿ ಎದುರಾಳಿಗೆ ಸಂಧಿಯಂತೆ ಕಾಣದೆ ಶರಣಾಗತಿಯಂತೆ ಕಾಣುತ್ತದೆ. ಕಾಯುವುದೇ ಅವನಿಗೆ ಲಾಭವಾಗುತ್ತದೆ.

6

ಒಂದು ವ್ಯತ್ಯಾಸವು ಸಾಹಿತ್ಯದ ಅಭ್ಯಾಸಿಗೆ ವಿಶೇಷ ಮಹತ್ತ್ವದ್ದು. ಕಾವ್ಯದ ಸಂಧಾನ ಸಭೆಯಲ್ಲಿ ನಡೆಯುತ್ತದೆ, ಎಲ್ಲರೂ ಕೇಳುತ್ತಾರೆ. ಚರಿತ್ರೆಯ ಸಂಧಾನ ಡೇರೆಗಳಲ್ಲಿ, ಓಲೆಗಳಲ್ಲಿ ನಡೆಯಿತು. ಅದರ ಫಲವನ್ನು ಉಣ್ಣಬೇಕಾದವರು ಒಂದು ಮಾತನ್ನೂ ಕೇಳಲಿಲ್ಲ. ನಮ್ಮ ಜನಪದ ರಂಗಭೂಮಿ ಈ ಕೊರತೆಯನ್ನು ತನ್ನ ರೀತಿಯಲ್ಲಿ ತುಂಬಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನ ಹಾಡಿನ ಎಡೆಯಲ್ಲಿ ಕೃಷ್ಣನೂ ಕೌರವನೂ ಎದುರೆದುರು ಕುಳಿತು ವಾದಿಸುತ್ತಾರೆ. ಕಥೆಯ ಅಂತ್ಯ ಮೊದಲೇ ನಿಶ್ಚಿತ, ವಾದದ ಅಂತ್ಯ ಮಾತ್ರ ನಿಶ್ಚಿತವಲ್ಲ. ಸಮರ್ಥ ಅರ್ಥಧಾರಿ ಕೌರವನಾದ ರಾತ್ರಿ ಕೇಳುಗನು ಅವನ ಪಕ್ಷದ ನ್ಯಾಯವನ್ನೂ ತೂಗಿನೋಡಬೇಕಾಗುತ್ತದೆ. ತೊಗಲುಗೊಂಬೆಯಾಟದಲ್ಲಿ ಇನ್ನೂ ಒಂದು ಸೊಗಸಿದೆ. ಪರದೆಯ ಮೇಲೆ ಚಲಿಸುವ ಇಬ್ಬರು ವೈರಿಗಳಿಗೂ ಹಿಂದಿನಿಂದ ಮಾತು ಕೊಡುವ ಕಂಠ ಹಲವೊಮ್ಮೆ ಒಬ್ಬನದೇ. ಆ ಆಟವನ್ನು ಕಾಪಾಡಿಕೊಂಡು ಬಂದ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡುತ್ತ ಪರದೆಯ ಹಿಂದೆ ಕನ್ನಡದಲ್ಲಿ ಹಾಡುವವರು. ವೈರಿಯ ಮಾತನ್ನು ಅವನಷ್ಟೇ ಚೆನ್ನಾಗಿ ಆಡಬಲ್ಲವನೇ ಸಂಧಾನಕ್ಕೆ ಯೋಗ್ಯನೆಂಬ ಪಾಠ ಅಲ್ಲಿ ತಾನಾಗಿಯೇ ದೊರೆಯುತ್ತದೆ.

ಪಾಣಿಪತ್ತಿನಲ್ಲಿ ಗೆದ್ದ ಅಬ್ದಾಲಿಯು ಕೆಲವು ತಿಂಗಳೊಳಗೆ ತನ್ನ ದೇಶಕ್ಕೆ ಮರಳಿದನು. ನಾನಾಸಾಹೇಬನು 1761ರ ಜೂನಿನಲ್ಲಿ ತೀರಿಕೊಂಡನು. ಮರಾಠರ ಹಿಡಿತ ಸಡಿಲವಾದ ಅದೇ ವರ್ಷ ಮೈಸೂರಿನ ಅಧಿಕಾರ ಹೈದರ ಅಲಿಯ ಕೈಸೇರಿತು. 1763ರಲ್ಲಿ ಬಿದನೂರು ಬಿದ್ದಿತು. ಯಮುನೆಯ ದಂಡೆಯಲ್ಲಿ ಮುರಿದ ಮಾತಿನ ಪರಿಣಾಮ ಮಲೆನಾಡಿನವರೆಗೂ ಮುಟ್ಟಿತೆಂದರೆ ಅತಿಶಯೋಕ್ತಿಯಲ್ಲ.

ಆದ್ದರಿಂದ ಉದ್ಯೋಗಪರ್ವವನ್ನು ಪಾಠ ಹೇಳುವಾಗ ಕೌರವನ ಹಟವೊಂದನ್ನೇ ಕಾರಣವಾಗಿ ಹೇಳಿ ನಿಲ್ಲಿಸಬಾರದು. ದೂತನಿಗೆ ಎಷ್ಟು ಅಧಿಕಾರವಿತ್ತು, ಸಂಧಿಯಾದರೆ ಯಾರು ಕೆಡುತ್ತಿದ್ದರು, ಅಷ್ಟರೊಳಗೆ ಎಷ್ಟು ಜನ ಸತ್ತಿದ್ದರು, ಯಾರ ದನಿ ಸಭೆಯಲ್ಲಿ ಕೇಳಲೇ ಇಲ್ಲ, ಈ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಕೇಳುವಂತಾಗಬೇಕು. ಹಳೆಯ ಕಾವ್ಯವನ್ನು ಹೀಗೆ ಓದಿದವನು ತನ್ನ ಕಾಲದ ಸಂಧಾನಗಳನ್ನೂ ಹೆಚ್ಚಿನ ಎಚ್ಚರದಿಂದ ನೋಡಬಲ್ಲನು.