ಬೆನ್ನುಚೀಲ ಹೊರುವ ಮುನ್ನ

ಹದಿಹರೆಯದ ಮಕ್ಕಳನ್ನು ಚಾರಣದೊಡನೆ ಪರಿಸರಸೇವೆಯನ್ನೂ ಬೆಸೆದ ಶಿಬಿರಗಳಿಗೆ ಕಳುಹಿಸುವ ಪೋಷಕರು, ಏರಬೇಕಾದ ಶಿಖರದ ಎತ್ತರಕ್ಕಿಂತ ಮೊದಲು ಅಲ್ಲಿ ಮಾಡಿಸುವ ಸೇವೆ ಯಾವುದೆಂದು ವಿಚಾರಿಸುವುದು ಒಳಿತು. ತಿಳಿಯದೆ ಮಾಡಿದ ಸೇವೆ ಕಾಡಿಗೇ ಹೊರೆಯಾಗುವುದುಂಟು. ಪಶ್ಚಿಮಘಟ್ಟದ ಎತ್ತರದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ನಿತ್ಯಹರಿದ್ವರ್ಣ ಕಾಡುಗಳಾದ ಶೋಲಾಗಳನ್ನು ಸುತ್ತುವರಿದ ಹುಲ್ಲುಗಾವಲು ಬರಡುನೆಲದಂತೆ ಕಂಡರೂ ಮಳೆನೀರನ್ನು ಹಿಡಿದಿಟ್ಟು ಹೊಳೆಗಳಿಗೆ ಬಿಡುವ ಜೀವಲೋಕವಾದ್ದರಿಂದ, ಅಲ್ಲಿ ಉತ್ಸಾಹದಿಂದ ಸಸಿ ನೆಡಿಸುವುದು ಹಾನಿಕರ. ಹೊರನಾಡಿನಿಂದ ಅಲಂಕಾರಕ್ಕೆಂದು ಬಂದು ಕಾಡನ್ನೇ ಆವರಿಸಿದ ಲಂಟಾನವನ್ನು ಕೀಳುವ ಕೆಲಸ ಅದಕ್ಕಿಂತ ಎಷ್ಟೋ ಮೇಲು. ಆದರೆ ಕಾಂಡವನ್ನಷ್ಟೇ ಕಡಿದರೆ ಅದು ಮತ್ತೆ ಚಿಗುರುವುದರಿಂದ, ಹಕ್ಕಿಗಳು ಬೀಜ ಹರಡುವ ಮುನ್ನ, ಅಂದರೆ ಹಣ್ಣಾಗುವುದಕ್ಕೆ ಮೊದಲೇ, ಬುಡದ ಕೆಳಗೆ ಬೇರನ್ನು ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು.

ಚೀಲದ ಭಾರವು ಹೊರುವವರ ದೇಹತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯವಾಗಿರುವುದರಿಂದ, ಕಾಡಿನೊಳಗೇ ಡೇರೆ ಹಾಕಿಸುವುದಾಗಿ ಹೇಳುವ ಸಂಘಟಕರಿಂದ ಅನುಮತಿಪತ್ರವನ್ನು ಕೇಳಿ ನೋಡಲು ಪೋಷಕರು ಸಂಕೋಚಪಡಬೇಕಾಗಿಲ್ಲ. ಹೊಳೆಯಿಂದ ಸುಮಾರು 60 ಮೀಟರ್ ದೂರದಲ್ಲಿ ಗೇಣುದ್ದದ ಗುಂಡಿ ತೋಡಿ ಶೌಚ ಮುಗಿಸಿ ಮಣ್ಣು ಮುಚ್ಚುವ ಕ್ರಮವನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟಿರಬೇಕು. ಶಿಬಿರದಲ್ಲಿ ನಾಚಿಕೆಯಿಂದ ಯಾರೂ ಅದನ್ನು ಕೇಳುವುದಿಲ್ಲ.