ಹೆತ್ತವರ ನಂತರ: ಅಂಗವಿಕಲ ಮಕ್ಕಳಿಗಾಗಿ ಟ್ರಸ್ಟ್ ಮತ್ತು ಪಿಂಚಣಿ

ಬೌದ್ಧಿಕ ಅಂಗವೈಕಲ್ಯವಿರುವ ಮಗ ಅಥವಾ ಮಗಳ ಹೆಸರಿಗೆ ಮನೆ ಬರೆದು, ಒಂದಿಷ್ಟು ಎಫ್.ಡಿ. ಇಟ್ಟರೆ ಹೊಣೆ ಮುಗಿಯಿತೆಂದು ಅನೇಕ ಹೆತ್ತವರು ನಂಬಿರುತ್ತಾರೆ. ಆಸ್ತಿಯ ಹಕ್ಕಿಗೆ ಅಡ್ಡಿಯೇನೂ ಇಲ್ಲ. ಕಾಯಿಲೆಯಾಗಲಿ ಅಂಗದೋಷವಾಗಲಿ ವಾರಸುದಾರಿಕೆಯನ್ನು ತಪ್ಪಿಸದು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ತೊಡಕಿರುವುದು ಆ ಆಸ್ತಿಯನ್ನು ಬಳಸುವಲ್ಲಿ. ಮಕ್ಕಳಿಗೆ 18 ವರ್ಷ ತುಂಬುತ್ತಲೇ ತಂದೆ-ತಾಯಿಯ ಸಹಜ ಪೋಷಕತ್ವ ಮುಗಿಯುತ್ತದೆ. ಆಮೇಲೆ ಬ್ಯಾಂಕಿನವರು ಯಾರ ಸಹಿಗೆ ಹಣ ಕೊಡಬೇಕು? ಮನೆಯ ಬಾಡಿಗೆ ಕರಾರಿಗೆ ಸಹಿ ಹಾಕುವವರು ಯಾರು?

ಇದಕ್ಕೆ ಮೊದಲ ಉತ್ತರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗಿದೆ. ಈ ಸಮಿತಿಯಲ್ಲಿ ಜಿಲ್ಲಾಧಿಕಾರಿಯ ಜೊತೆಗೆ ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿಯೂ ಒಬ್ಬ ಅಂಗವಿಕಲ ವ್ಯಕ್ತಿಯೂ ಇರುತ್ತಾರೆ. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು. ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಹಣ ದುರುಪಯೋಗವಾದರೆ ಅವರನ್ನು ತೆಗೆದುಹಾಕಲೂ ಅವಕಾಶವಿದೆ. ಹೆತ್ತವರು ಬದುಕಿರುವಾಗಲೇ ತಾವೇ ಅರ್ಜಿ ಹಾಕಿ ಪೋಷಕತ್ವ ಪಡೆದಿದ್ದರೆ, ಮುಂದೆ ಒಡಹುಟ್ಟಿದವರಿಗೆ ದಾರಿ ಸಲೀಸಾಗುತ್ತದೆ.

ಪೋಷಕರು ನೋಡಿಕೊಳ್ಳುವುದು ಮುಖ್ಯವಾಗಿ ವ್ಯಕ್ತಿಯನ್ನು. ಹಣವನ್ನು ಬೇರೆಯಾಗಿ ಕಾಯುವುದು ಖಾಸಗಿ ಟ್ರಸ್ಟ್. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಂತೆ ಮನೆ, ಜಮೀನು ಟ್ರಸ್ಟಿಗೆ ಸೇರಬೇಕಾದರೆ ನೋಂದಾಯಿತ ಪತ್ರ ಬೇಕು, ಇಲ್ಲವೇ ಉಯಿಲಿನ ಮೂಲಕ ಆಗಬೇಕು. ಉಯಿಲಿನ ದಾರಿ ಹಿಡಿದರೆ ಹೆತ್ತವರ ಜೀವಿತಾವಧಿಯಲ್ಲಿ ಮನೆ ಅವರ ಕೈಯಲ್ಲೇ ಉಳಿಯುತ್ತದೆ; ವೃದ್ಧಾಪ್ಯದಲ್ಲಿ ಅದು ಸಣ್ಣ ಆಸರೆಯಲ್ಲ.

ಟ್ರಸ್ಟ್ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಿ ಬರೆಯಬೇಕಾದದ್ದು ಎರಡು ವಿಷಯ: ಟ್ರಸ್ಟಿಗಳು ಯಾರು, ಫಲಾನುಭವಿಯ ನಂತರ ಉಳಿದ ಆಸ್ತಿ ಯಾರಿಗೆ. ಈ ಅಂಕಣಕಾರನ ಮನೆಯಲ್ಲಿ ತಮ್ಮನಿಗಾಗಿ ಟ್ರಸ್ಟ್ ಮಾಡಿದಾಗ ದೀರ್ಘ ಚರ್ಚೆ ನಡೆದದ್ದೂ ಇದರ ಮೇಲೆಯೇ. ಉಳಿದದ್ದೆಲ್ಲ ಟ್ರಸ್ಟಿಗೇ ಸೇರುವುದಾದರೆ, ಕಡಿಮೆ ಖರ್ಚು ಮಾಡಿದಷ್ಟೂ ಅವರಿಗೇ ಲಾಭ. ಪ್ರೀತಿ ಇರುವ ಮನೆಯಲ್ಲೂ ಅಂಥ ಇಕ್ಕಟ್ಟನ್ನು ಹುಟ್ಟಿಸಬಾರದು. ಮನೆಯವರೊಬ್ಬರು, ಹೊರಗಿನವರೊಬ್ಬರು ಟ್ರಸ್ಟಿಗಳಾಗಿರಲಿ. ದಿನನಿತ್ಯ ನೋಡಿಕೊಳ್ಳುವವರ ಕೈಗೇ ಇಡೀ ಗಂಟು ಹೋಗದಿರಲಿ. ಒಬ್ಬ ಟ್ರಸ್ಟಿ ತೀರಿಕೊಂಡರೆ ಬದಲಿ ಯಾರೆಂದೂ ಬರೆದಿರಲಿ. ಔಷಧಿಯ ಹೊತ್ತು, ಒಗ್ಗದ ಊಟ, ಯಾವ ಸದ್ದಿಗೆ ಹೆದರಿಕೆ, ಯಾರ ಜೊತೆ ನೆಮ್ಮದಿ, ಇವನ್ನು ಪ್ರತ್ಯೇಕ ಕಾಗದದಲ್ಲಿ ಬರೆದಿಡಬೇಕು. ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಮುಂದೆ ನೋಡಿಕೊಳ್ಳುವವರಿಗೆ ಟ್ರಸ್ಟ್ ಪತ್ರಕ್ಕಿಂತ ಹೆಚ್ಚು ಬೇಕಾಗುವುದು ಅದೇ.

ತೆರಿಗೆಯ ಮಾತು ಚಿಕ್ಕದು. ಫಲಾನುಭವಿಯ ಪಾಲು ನಿಗದಿಯಾಗಿದ್ದರೆ ತೆರಿಗೆ ಅವರ ಆದಾಯದ ದರದಲ್ಲಿ. ಹಂಚಿಕೆಯನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದ್ದರೆ ಗರಿಷ್ಠ ದರ ಬೀಳಬಹುದು. ಉಯಿಲಿನ ಮೂಲಕ ಮಾಡಿದ ಏಕೈಕ ಟ್ರಸ್ಟ್‌ಗೆ ಇದರಿಂದ ವಿನಾಯಿತಿ ಇದೆ. ಪತ್ರ ಬರೆಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ತಂದೆ ಅಥವಾ ತಾಯಿ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿಯ ನಿಯಮವನ್ನೂ ಇದರ ಜೊತೆಗಿಟ್ಟು ನೋಡಬೇಕು. ದುಡಿದು ಬದುಕಲಾಗದ ಅಂಗವಿಕಲ ಮಕ್ಕಳಿಗೆ ಆ ಪಿಂಚಣಿ ಜೀವನಪರ್ಯಂತ ಸಿಗುತ್ತದೆ. ಆದರೆ 2021ರ ಆದೇಶದಂತೆ ಅವರ ಇತರ ಆದಾಯವು ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ, ಅಂದರೆ ನೌಕರರ ಕೊನೆಯ ವೇತನದ ಶೇ 30 ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮೊತ್ತಕ್ಕಿಂತ, ಕಡಿಮೆ ಇರಬೇಕು. ಬಾಡಿಗೆ ಬರುವ ಮನೆಯನ್ನು ಮಗಳ ಹೆಸರಿಗೇ ಬರೆದರೆ ಆ ಬಾಡಿಗೆಯೇ ಪಿಂಚಣಿಗೆ ಕುತ್ತು ತರಬಹುದು. ಮಗಳ ವಿವರವನ್ನು ಪಿಂಚಣಿ ದಾಖಲೆಯಲ್ಲಿ ಈಗಲೇ ಸೇರಿಸಿ, ಅವಳ ಪರವಾಗಿ ಹಣ ಪಡೆಯುವ ಪೋಷಕರ ಹೆಸರನ್ನೂ ಸೂಚಿಸಿಟ್ಟರೆ, ಮುಂದೆ ನ್ಯಾಯಾಲಯದ ಪೋಷಕತ್ವ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗುವುದಿಲ್ಲ.